‘ರಾ’ ಅಂತ ಬರೆದ ಬಾದಾಮಿ ಮೊಳಕೆ ಬರಲಿಲ್ಲ. ಪ್ಯಾಕೆಟ್ ಸುಳ್ಳು ಹೇಳುತ್ತಿದೆಯಾ?

ಮೊಳಕೆ ಹುಚ್ಚಿ:

ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ, ಕಾಳು ಕಂಡರೆ ಮೊಳಕೆ ಕಟ್ಟುವ ಜಾತಿ ನಾನು. ಹೆಸರುಕಾಳು, ಹುರುಳಿ, ಮಡಿಕೆಕಾಳು, ಮೆಂತ್ಯ ಎಲ್ಲ ಮುಗಿಸಿ ಈಗ ಬಾದಾಮಿಗೆ ಬಂದಿದ್ದೇನೆ. ಅಲ್ಲೇ ಮುಗ್ಗರಿಸಿದ್ದು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಮೊಡೆಸ್ಟೊ. ಅಲ್ಲಿ ಎತ್ತ ನೋಡಿದರೂ ಬಾದಾಮಿ ತೋಟ. ಫೆಬ್ರವರಿ ಬಂದರೆ ಹೂ ನೋಡಲು ಹೋಗುತ್ತೇವೆ, ಮಕ್ಕಳನ್ನು ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಅಂದರೆ ಬಾದಾಮಿ ನಮಗೆ ಪರದೇಶದ ಸರಕೇನಲ್ಲ.

ಹೋದ ತಿಂಗಳು ಒಂದು ದೊಡ್ಡ ಅಂಗಡಿಯಿಂದ 3 ಪೌಂಡಿನ ಚೀಲ ತಂದೆ. ಮುಂದೆ ದಪ್ಪ ಅಕ್ಷರದಲ್ಲಿ ‘ರಾ ಆಲ್ಮಂಡ್ಸ್’, ಅಂದರೆ ಹಸಿ ಬಾದಾಮಿ. ಹಿಂದೆ ಏನೇನು ಹಾಕಿದ್ದಾರೆ ಅನ್ನುವ ಕಡೆ ಒಂದೇ ಪದ, ಬಾದಾಮಿ. ಇಪ್ಪತ್ತು ಎಣಿಸಿ ರಾತ್ರಿ ನೆನೆಸಿದೆ. ಬೆಳಿಗ್ಗೆ ಚೆನ್ನಾಗಿ ಉಬ್ಬಿದ್ದವು, ಸಿಪ್ಪೆ ಸಡಿಲ ಆಗಿತ್ತು. ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಎರಡು ಸಲ ತೊಳೆದೆ. ಎರಡನೇ ದಿನ ಏನೂ ಇಲ್ಲ. ಮೂರನೇ ದಿನ ಬಟ್ಟೆ ಬಿಚ್ಚಿದರೆ ಬೆರಳಿಗೆ ನೂಲು ನೂಲಾಗಿ ಲೋಳೆ ಹತ್ತಿಕೊಂಡಿತು. ವಾಸನೆ, ಹುಳಿ ಬಂದ ದೋಸೆ ಹಿಟ್ಟಿನದಲ್ಲ, ಅದನ್ನೂ ದಾಟಿದ್ದು. ಒಂದನ್ನು ಎರಡು ಹೋಳು ಮಾಡಿ ನೋಡಿದೆ. ಚೂಪು ತುದಿಯಲ್ಲಿ ಅಕ್ಕಿ ನುಚ್ಚಿನಷ್ಟು ಚಿಕ್ಕ ಮೊಳೆ ಇರುತ್ತದಲ್ಲ, ಅದು ಬೆಳ್ಳಗಿರುವ ಬದಲು ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದ ಬಟ್ಟಲಿನಲ್ಲೇ ಕಟ್ಟಿದ್ದ ಹೆಸರುಕಾಳಿಗೆ ಆಗಲೇ ಅರ್ಧ ಬೆರಳುದ್ದ ಬಾಲ.

ಅಂಗಡಿಗೆ ಹೋಗಿ ಕೇಳಿದೆ. ಶೆಲ್ಫ್ ಜೋಡಿಸುತ್ತಿದ್ದ ಹುಡುಗ ತಲೆ ಎತ್ತದೇ ಹೇಳಿದ, ‘ಎಲ್ಲ ಬಾದಾಮಿಯನ್ನೂ ಪಾಶ್ಚರೈಸ್ ಮಾಡಿರುತ್ತಾರೆ, ಕಾನೂನು ಹಾಗಿದೆ.’ ನಾನು ನಕ್ಕುಬಿಟ್ಟೆ. ಹಾಲು ಕಾಯಿಸುವುದು ಗೊತ್ತು, ಬಾದಾಮಿಗೆ ಯಾಕಪ್ಪಾ? ಆದರೂ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮನೆಗೆ ಬಂದು ಚೀಲದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಇಪ್ಪತ್ತೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ತುಂಬಾ ವಿನಯದ ಹುಡುಗಿ, ಅವಳ ಮೇಲೆ ನನಗೆ ಕೋಪ ಇಲ್ಲ. ‘ನಾವು ಹುರಿದಿಲ್ಲ ಮ್ಯಾಮ್, ಅದಕ್ಕೇ ರಾ ಅಂತ ಹಾಕಿದ್ದೇವೆ’ ಅಂದಳು. ಹಾಗಾದರೆ ಹಬೆ ಕೊಟ್ಟಿದ್ದೀರಾ, ಬೇರೇನಾದರೂ ಮಾಡಿದ್ದೀರಾ ಅಂತ ಕೇಳಿದೆ. ‘ಆ ಮಾಹಿತಿ ನಮ್ಮ ಹತ್ತಿರ ಇಲ್ಲ.’

ನನಗೆ ಉರಿದದ್ದು ಇಲ್ಲಿ. ಹುರಿದಿಲ್ಲ ಅಂದಮಾತ್ರಕ್ಕೆ ಹಸಿಯಾ? ನಮ್ಮ ಮಾತಿನಲ್ಲಿ ಹಸಿ ಬೇರೆ, ಹುರಿಯದ್ದು ಬೇರೆ. ಇಡ್ಲಿಯನ್ನೂ ಯಾರೂ ಹುರಿದಿಲ್ಲ. ಹಾಗಂತ ಹಬೆಯಿಂದ ಇಳಿಸಿದ ಇಡ್ಲಿಯನ್ನು ಹಸಿ ಹಿಟ್ಟು ಅಂತ ತಟ್ಟೆಗೆ ಬಡಿಸಿದರೆ ಒಪ್ಪುತ್ತೀರಾ?

ಆ ಹುಡುಗ ಹೇಳಿದ್ದು ನಿಜವಾ? ಏನು ಮಾಡುತ್ತಾರೆ ಆ ಬಾದಾಮಿಗೆ? ನಿಜವಾದ ಹಸಿ ಬಾದಾಮಿ ಎಲ್ಲಿ ಸಿಗುತ್ತದೆ? ದೂರು ಕೊಡಬೇಕು ಅಂದರೆ ಯಾರಿಗೆ ಕೊಡಬೇಕು? ತಿಳಿದವರು ದಯವಿಟ್ಟು ಹೇಳಿ.


ಬೆಣ್ಣೆ ಡಬ್ಬಿ:

ಹುಡುಗ ಹೇಳಿದ್ದು ಸರಿ ಅಕ್ಕಾ. 2007ರ ಸೆಪ್ಟೆಂಬರ್ 1ರಿಂದ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದು ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ಮಾರುವ ಬಾದಾಮಿಯನ್ನೆಲ್ಲ ಹೀಗೆ ಸಂಸ್ಕರಿಸಲೇಬೇಕು. ಅಮೆರಿಕದ ಬಾದಾಮಿ ಅಂದರೆ ಹೆಚ್ಚುಕಮ್ಮಿ ಎಲ್ಲವೂ ಕ್ಯಾಲಿಫೋರ್ನಿಯಾದ್ದೇ, ಹಾಗಾಗಿ ಅಂಗಡಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಎರಡು ದಾರಿ ಮುಖ್ಯ. ಒಂದು ಹಬೆ. ಇನ್ನೊಂದು ಪ್ರೊಪಿಲೀನ್ ಆಕ್ಸೈಡ್ ಅನ್ನುವ ಅನಿಲ, ಚಿಕ್ಕದಾಗಿ ಪಿಪಿಒ ಅನ್ನುತ್ತಾರೆ. ಯಾವುದು ಅಂತ ಚೀಲದ ಮೇಲೆ ಬರೆಯಬೇಕಾಗಿಲ್ಲ. ನಾನು ಮಾಡುವುದು ಇಷ್ಟೇ, ಇಲ್ಲಿನ ಕೃಷಿ ಇಲಾಖೆಯ (ಯುಎಸ್‌ಡಿಎ) ಆರ್ಗ್ಯಾನಿಕ್ ಮುದ್ರೆ ಇದ್ದದ್ದನ್ನು ತರುತ್ತೇನೆ. ಆರ್ಗ್ಯಾನಿಕ್‌ನಲ್ಲಿ ಪಿಪಿಒ ಹಾಕುವ ಹಾಗಿಲ್ಲ, ಹಬೆಯೇ ಗತಿ. ಹಸಿ ಅಲ್ಲದಿದ್ದರೂ ಅನಿಲ ಇಲ್ಲ ಅನ್ನುವ ಸಮಾಧಾನ.

ನಿಜವಾದ ಹಸಿಯದೇ ಬೇಕು ಅಂದರೆ ಬೆಳೆದವರ ಕೈಯಿಂದಲೇ ಕೊಳ್ಳಿ. ರೈತ ತನ್ನ ತೋಟದ ಬಾಗಿಲಲ್ಲಿ, ರಸ್ತೆಬದಿಯಲ್ಲಿ ಅಥವಾ ಫಾರ್ಮರ್ಸ್ ಮಾರ್ಕೆಟ್‌ನಲ್ಲಿ ನೇರವಾಗಿ ಮಾರಿದರೆ ವಿನಾಯಿತಿ ಇದೆ, ಒಬ್ಬರಿಗೆ ದಿನಕ್ಕೆ 100 ಪೌಂಡಿನವರೆಗೆ. ಅಷ್ಟರಲ್ಲಿ ಇಡೀ ಕೇರಿಗೆ ಮೊಳಕೆ ಕಟ್ಟಬಹುದು ನೀವು. ಹೊರದೇಶದಿಂದ ಬರುವ ಬಾದಾಮಿಗೂ ಈ ನಿಯಮ ಇಲ್ಲ.


ಸುಮ್ನಿರಿ ಸ್ವಾಮಿ:

ಇಷ್ಟು ದುಃಖ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಹಾಲು ಪಾಶ್ಚರೈಸ್ ಆಗಿದೆ, ಜ್ಯೂಸ್ ಆಗಿದೆ, ಬಾದಾಮಿಯೂ ಆಗಲಿ ಬಿಡಿ. ಕೊನೆಗೆ ಬಾದಾಮಿ ಹಾಲು ಮಾಡಿ ಕುದಿಸಿಯೇ ಕುಡಿಯುತ್ತೀವಿ ಅಲ್ವಾ?


ಮೊಳಕೆ ಹುಚ್ಚಿ:

ಸ್ವಾಮಿಯವರೇ, ಹಾಲಿನ ಡಬ್ಬಿಯ ಮೇಲೆ ‘ಪಾಶ್ಚರೈಸ್ಡ್’ ಅಂತ ಬರೆದಿರುತ್ತದೆ. ಜ್ಯೂಸ್ ಮೇಲೂ ಬರೆದಿರುತ್ತದೆ. ಕಾಯಿಸಿದ ಹಾಲಿನ ಮೇಲೆ ‘ಹಸಿ ಹಾಲು’ ಅಂತ ಹಾಕಿದ್ದು ನೋಡಿದ್ದೀರಾ? ನನ್ನ ದುಃಖ ಅಷ್ಟೇ.


ಪೆಟ್ರಿ ತಟ್ಟೆ:

ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು. ಮೊದಲೇ ಹೇಳಿಬಿಡುತ್ತೇನೆ, ನಾನು ಈ ನಿಯಮದ ಪರ. ಆದರೂ ಪೂರ್ತಿ ಓದಿ, ಕೊನೆಗೆ ನಿಮ್ಮ ಕಡೆಗೇ ಬರುತ್ತೇನೆ.

ಬಾದಾಮಿ ಕೊಯ್ಲು ನೋಡಿದ್ದೀರಾ? ಹೂವಿನ ಕಾಲದಲ್ಲಲ್ಲ, ಆಗಸ್ಟ್‌ನಲ್ಲಿ ಹೋಗಿ. ಒಂದು ಯಂತ್ರ ಮರದ ಬುಡವನ್ನು ಹಿಡಿದು ಅಲ್ಲಾಡಿಸುತ್ತದೆ. ಕಾಯಿಗಳೆಲ್ಲ ದಬದಬ ನೆಲಕ್ಕೆ ಬೀಳುತ್ತವೆ. ಹಾಗೇ ಮಣ್ಣಿನ ಮೇಲೆ ಕೆಲವು ದಿನ ಒಣಗುತ್ತವೆ. ಆಮೇಲೆ ಇನ್ನೊಂದು ಯಂತ್ರ ಗುಡಿಸಿ ಸಾಲು ಮಾಡುತ್ತದೆ, ಮತ್ತೊಂದು ಬಾಚಿಕೊಂಡು ಹೋಗುತ್ತದೆ. ಆ ಧೂಳಿನಲ್ಲಿ ಎದುರಿನ ಮನುಷ್ಯ ಕಾಣುವುದಿಲ್ಲ. ಮರದಲ್ಲಿದ್ದಾಗ ಬಾದಾಮಿ ಎಷ್ಟು ಶುದ್ಧವೋ ಏನೋ, ಮನೆಗೆ ಬರುವ ಹೊತ್ತಿಗೆ ಮಣ್ಣಿನ ಜೊತೆ ಸಂಸಾರ ಮಾಡಿ ಬಂದಿರುತ್ತದೆ.

2000-01ರಲ್ಲಿ ಹಸಿ ಬಾದಾಮಿ ತಿಂದು 168 ಜನಕ್ಕೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ತಗುಲಿದ್ದು ಲ್ಯಾಬಿನಲ್ಲಿ ಖಚಿತವಾಯಿತು. ಅದರಲ್ಲಿ 157 ಜನ ಕೆನಡಾದವರು. ಒಣಗಿದ ಬೀಜದಲ್ಲಿ ಸಾಲ್ಮೊನೆಲ್ಲಾ ಎಲ್ಲಿರುತ್ತದೆ ಅಂತ ಆಗ ಎಷ್ಟೋ ಜನ ಅಂದುಕೊಂಡಿದ್ದರು. ಹುಡುಕುತ್ತಾ ಹೋದರೆ ತೋಟದಲ್ಲೇ ಅದೇ ತಳಿ ಸಿಕ್ಕಿತು. 2004ರಲ್ಲಿ ಮತ್ತೆ 29 ಜನ, ಈ ಸಲ ಸುಮಾರು 1.3 ಕೋಟಿ ಪೌಂಡ್ ಬಾದಾಮಿ ವಾಪಸ್ ತರಿಸಿದರು. ಬಾದಾಮಿ ಉದ್ಯಮಕ್ಕೆ ಜ್ವರ ಬಂದದ್ದು ಆಗ.

ಒಣ ಬೀಜದಲ್ಲಿ ಈ ರೋಗಾಣು ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ತಿಂಗಳುಗಟ್ಟಲೆ ಸುಮ್ನೆ ಮಲಗಿರುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಆರಾಮವಾಗಿ ಉಳಿಯುತ್ತದೆ. ನೀರು ಬಿದ್ದರೆ ಏಳುತ್ತದೆ. ಈಗ ನಿಮ್ಮ ಒದ್ದೆ ಬಟ್ಟೆ, ಬೆಚ್ಚನೆಯ ಅಡುಗೆಮನೆ, ಮೂರು ದಿನ ನೆನಪಿಸಿಕೊಳ್ಳಿ. ಲ್ಯಾಬಿನಲ್ಲಿ ನಾವು ರೋಗಾಣು ಬೆಳೆಸಬೇಕು ಅಂದಾಗ ಮಾಡುವುದೂ ಹೆಚ್ಚುಕಮ್ಮಿ ಇದೇ.

ನಿಯಮ ಕೇಳುವುದು ‘4 ಲಾಗ್’ ಇಳಿಕೆ. ಭಾಷೆ ಹೆದರಿಸುತ್ತದೆ, ವಿಷಯ ಸುಲಭ. ಹತ್ತು ಸಾವಿರ ರೋಗಾಣು ಇದ್ದರೆ ಒಂದಕ್ಕೆ ಇಳಿಯಬೇಕು. ಹಬೆಯಲ್ಲಿ ಸ್ವಲ್ಪ ಹೊತ್ತು ಹಾಯಿಸಿ ಮೇಲ್ಮೈ ಬಿಸಿ ಮಾಡಿ ಒಣಗಿಸುತ್ತಾರೆ, ಯಾಕೆಂದರೆ ಕೊಳೆ ಇರುವುದು ಹೊರಗೆ. ಪಿಪಿಒ ಆದರೆ ಮುಚ್ಚಿದ ಕೋಣೆಯಲ್ಲಿ ಅನಿಲ ಬಿಟ್ಟು, ಆಮೇಲೆ ಅದು ಹಾರಿಹೋಗಲು ಬಿಡುತ್ತಾರೆ. 34 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತು ಅದು. ಬೀಜದಲ್ಲಿ ಉಳಿಯಬಹುದಾದ ಅಂಶಕ್ಕೆ ಇಲ್ಲಿನ ಪರಿಸರ ಇಲಾಖೆ 300 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 300 ಪಾಲು, ಮಿತಿ ಹಾಕಿದೆ. ಯುರೋಪ್ ಒಕ್ಕೂಟದಲ್ಲಿ ಆಹಾರಕ್ಕೆ ಇದನ್ನು ಬಿಡುವುದಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ‘ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದದ್ದು’ ಅನ್ನುವ 2ಬಿ ಗುಂಪಿನಲ್ಲಿ ಇಟ್ಟಿದೆ. ಆ ಗುಂಪು ದೊಡ್ಡದು, ಹೆದರಿ ಚೀಲ ಎಸೆಯಬೇಡಿ. ಆದರೆ ನನ್ನ ಮನೆಗೆ ನಾನೂ ಹಬೆ ಕೊಟ್ಟದ್ದನ್ನೇ ತರುತ್ತೇನೆ. ಆಯ್ಕೆ ಇದ್ದಾಗ ಯಾಕೆ ಬಿಡಬೇಕು?

ಇನ್ನು ನಿಮ್ಮ ಪ್ರಯೋಗ. ಬೇಜಾರು ಮಾಡಿಕೊಳ್ಳಬೇಡಿ ತಾಯಿ, ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಬಾದಾಮಿ ಹೆಸರುಕಾಳಲ್ಲ, ಮರದ ಬೀಜ. ಚಳಿಗಾಲ ಕಳೆಯದೇ ಅದು ಏಳುವುದಿಲ್ಲ. ತೇವದಲ್ಲಿ, ತಣ್ಣಗಿನ ಕಡೆ ಕೆಲವು ವಾರ ಇದ್ದರೆ ಮಾತ್ರ ಬೇರು ಬಿಡುತ್ತದೆ. ತೋಟದಿಂದ ನೇರ ತಂದದ್ದನ್ನು ಕಟ್ಟಿದ್ದರೂ ಮೂರು ದಿನಕ್ಕೆ ಹೀಗೇ ಲೋಳೆ ಆಗಿರುತ್ತಿತ್ತೋ ಏನೋ.

ಪ್ರಯೋಗ ತಪ್ಪು, ದೂರು ಸರಿ. ಇಪ್ಪತ್ತು ವರ್ಷದ ಹತ್ತಿರ ರೋಗಾಣು ಎಣಿಸಿದವನಾಗಿ ಹೇಳುತ್ತೇನೆ, ಸಂಸ್ಕರಿಸಿದ್ದನ್ನು ‘ರಾ’ ಅನ್ನುವುದರಿಂದ ನನ್ನ ಕೆಲಸವೇ ಕೆಡುತ್ತದೆ. ಯಾಕೆ ಗೊತ್ತಾ? ಜನ ಇದನ್ನು ‘ಹಸಿ’ ಅಂದುಕೊಂಡು ವರ್ಷಗಟ್ಟಲೆ ತಿಂದು ಏನೂ ಆಗದಿದ್ದಾಗ, ಹಸಿ ಬಾದಾಮಿಯಿಂದ ಅಪಾಯವೇ ಇಲ್ಲ ಅಂತ ನಂಬುತ್ತಾರೆ. ಆಮೇಲೆ ಫಾರ್ಮರ್ಸ್ ಮಾರ್ಕೆಟ್‌ನಿಂದ ನಿಜವಾದ ಹಸಿಯದು ತಂದು ನೆನೆಸಿ ಮಗುವಿನ ಬಾಯಿಗೆ ಕೊಡುತ್ತಾರೆ.


ಸುಮ್ನಿರಿ ಸ್ವಾಮಿ:

ಈ ಕೊನೆಯ ಮಾತು ನಾನು ಯೋಚನೆ ಮಾಡಿರಲಿಲ್ಲ. ಸರಿ, ಸುಮ್ನಿರುತ್ತೇನೆ.


ಹಳೇ ಅರ್ಜಿದಾರ:

ಈ ಚರ್ಚೆ ನೋಡಿ ಹಳೇ ಗಾಯ ಕೆರೆದ ಹಾಗಾಯಿತು. 2007ರಲ್ಲಿ ಈ ನಿಯಮದ ವಿರುದ್ಧ ಸಹಿ ಸಂಗ್ರಹಿಸಲು ಓಡಾಡಿದವರಲ್ಲಿ ನಾನೂ ಒಬ್ಬ. ಒಂದು ಸಣ್ಣ ಮೇಜು, ಒಂದು ಕ್ಲಿಪ್‌ಬೋರ್ಡ್, ದಾರ ಕಟ್ಟಿದ ಪೆನ್ನು. ಶನಿವಾರ ಶನಿವಾರ ಮಾರ್ಕೆಟ್ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮುಕ್ಕಾಲು ಪಾಲು ಜನ ಸಹಿ ಮಾಡಿದ್ದು ನನ್ನ ಮುಖ ನೋಡಿ, ಬಾದಾಮಿ ನೋಡಿ ಅಲ್ಲ.

ಕಥೆ ಹೀಗಿದೆ. ಇದು ಸಂಸತ್ತಿನಲ್ಲಿ ಚರ್ಚೆಯಾಗಿ ಬಂದ ಕಾನೂನಲ್ಲ. 1937ರ ಒಂದು ಕೃಷಿ ಮಾರುಕಟ್ಟೆ ಕಾಯ್ದೆ ಇದೆ. ಅದರ ಕೆಳಗೆ ಬಾದಾಮಿಗೆ 1950ರಿಂದ ಒಂದು ‘ಮಾರ್ಕೆಟಿಂಗ್ ಆರ್ಡರ್’, ಅಂದರೆ ಮಾರಾಟದ ಕಟ್ಟಳೆಗಳ ಆದೇಶ. ಅದನ್ನು ನಡೆಸುವುದು ಮೊಡೆಸ್ಟೊದಲ್ಲಿರುವ ಆಲ್ಮಂಡ್ ಬೋರ್ಡ್, ಅಂದರೆ ಬೆಳೆಗಾರರು ಮತ್ತು ಸಂಸ್ಕರಿಸಿ ಮಾರುವವರ ಮಂಡಳಿ. ಮಂಡಳಿಯೇ ಕೇಳಿಕೊಂಡಿತು, ಕೃಷಿ ಇಲಾಖೆ ಯುಎಸ್‌ಡಿಎ ಹೂಂ ಅಂದಿತು. 2006ರ ಡಿಸೆಂಬರ್‌ನಲ್ಲಿ ಕರಡು ಹೊರಬಂತು. 2007ರ ಮಾರ್ಚ್ 30ರಂದು ಅಂತಿಮ ನಿಯಮ ಪ್ರಕಟವಾಯಿತು. ಕರಡಿಗೆ ಆಕ್ಷೇಪ ಹೇಳಲು ಕೊಟ್ಟ ಸಮಯ ಕ್ರಿಸ್‌ಮಸ್, ಹೊಸ ವರ್ಷದ ಗಲಾಟೆಯಲ್ಲೇ ಕಳೆದುಹೋಯಿತು. ನನ್ನಂಥವರಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ವಿಸ್ಕಾನ್ಸಿನ್‌ನ ಕಾರ್ನುಕೋಪಿಯಾ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆ ದೊಡ್ಡ ದನಿಯಲ್ಲಿ ಕೂಗಿದ ಮೇಲೆ.

ಈಗ ನೋಡಿ, ನಾವು ಬಳಕೆದಾರರು ಕೋರ್ಟಿಗೆ ಹೋಗೋಣ ಅಂದುಕೊಂಡೆವು. ಆಗಲಿಲ್ಲ. 1984ರಲ್ಲೇ ಸುಪ್ರೀಂ ಕೋರ್ಟ್ ಹಾಲಿನ ಒಂದು ಮೊಕದ್ದಮೆಯಲ್ಲಿ ಹೇಳಿಬಿಟ್ಟಿದೆ, ಈ 1937ರ ಕಾಯ್ದೆಯ ಕೆಳಗಿನ ಹಾಲಿನ ಆದೇಶವನ್ನು ಕೊಂಡು ಕುಡಿಯುವವರು ಪ್ರಶ್ನಿಸುವ ಹಾಗಿಲ್ಲ ಅಂತ. ಅಂದರೆ ದುಡ್ಡು ಕೊಡುವವನು ನಾನು, ತಿನ್ನುವವನು ನಾನು, ಬಾಗಿಲು ಮಾತ್ರ ನನಗಿಲ್ಲ. ವಕೀಲರೊಬ್ಬರು ಇದನ್ನು ವಿವರಿಸಿದಾಗ ನಾನು ಅವರ ಮೇಜಿನ ಮೇಲಿದ್ದ ಬಟ್ಟಲಿನಿಂದ ಬಾದಾಮಿ ತಿನ್ನುತ್ತಾ ಕೂತಿದ್ದೆ. ಹುರಿದದ್ದು, ಉಪ್ಪು ಜಾಸ್ತಿ.

ಕೊನೆಗೆ 2008ರಲ್ಲಿ ಬೆಳೆಗಾರರು ಕೇಸು ಹಾಕಿದರು. ಮೊದಲ ಕೋರ್ಟು 2009ರಲ್ಲಿ ನಿಮಗೆ ಹಕ್ಕಿಲ್ಲ ಅಂತ ವಾಪಸ್ ಕಳಿಸಿತು. 2010ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು, ಇಲ್ಲ, ಬೆಳೆಗಾರರಿಗೆ ಹಕ್ಕಿದೆ ಅಂದಿತು. ಆವತ್ತು ನಮ್ಮ ಮನೆಯಲ್ಲಿ ಪಾಯಸ. ಆಮೇಲೆ 2013ರಲ್ಲಿ ಅದೇ ಕೋರ್ಟು, ನಿಮ್ಮ ವಾದವನ್ನು ಕರಡು ಹೊರಬಂದಾಗಲೇ ಇಲಾಖೆಯ ಮುಂದೆ ಹೇಳಬೇಕಿತ್ತು, ಈಗ ಹೇಳಿದರೆ ಕೇಳುವುದಿಲ್ಲ ಅಂತ ಮುಗಿಸಿತು. ನಿಯಮ ಸರಿಯೋ ತಪ್ಪೋ ಅನ್ನುವ ಮಾತಿಗೇ ಹೋಗಲಿಲ್ಲ. ಆರು ವರ್ಷದ ಹೋರಾಟ ಬಿದ್ದದ್ದು ಆ ಡಿಸೆಂಬರ್-ಜನವರಿಯ ಒಂದೂವರೆ ತಿಂಗಳಿನ ಗುಂಡಿಯಲ್ಲಿ.

ಆಗ ನಾವು ಮಾಡಿದ ತಪ್ಪೂ ಹೇಳಬೇಕು. ‘ಬಾದಾಮಿಯನ್ನು ಕೊಂದರು, ಸತ್ತ ಆಹಾರ’ ಅಂತ ಕೂಗಿದೆವು. ಪೆಟ್ರಿ ತಟ್ಟೆಯವರಂಥವರು ಅದನ್ನು ಕೇಳಿ ನಕ್ಕರು, ನಗುವ ಹಾಗೇ ಇತ್ತು. ಲೇಬಲ್ ವಿಷಯ ನಮ್ಮ ಕರಪತ್ರದಲ್ಲಿ ಐದನೆಯದೋ ಆರನೆಯದೋ ಆಗಿತ್ತು. ಮೊದಲನೆಯದಾಗಬೇಕಿತ್ತು. ಯಾಕೆಂದರೆ ಅದಕ್ಕೆ ಎದುರು ಉತ್ತರವೇ ಇಲ್ಲ.

ಒಂದು ತಮಾಷೆ ಕೇಳಿ. ಸಂಸ್ಕರಿಸದ ಬಾದಾಮಿಯನ್ನು ಹೊರದೇಶಕ್ಕೆ ಕಳಿಸುವಾಗಲೋ, ಹುರಿಯುವ ಫ್ಯಾಕ್ಟರಿಗೆ ಕಳಿಸುವಾಗಲೋ ಆ ಪೆಟ್ಟಿಗೆಯ ಮೇಲೆ ‘ಅನ್‌ಪಾಶ್ಚರೈಸ್ಡ್’ ಅಂತ ಎದ್ದು ಕಾಣುವ ಹಾಗೆ ಬರೆಯಬೇಕು ಅಂತ ಇದೇ ನಿಯಮದಲ್ಲಿದೆ. ವ್ಯಾಪಾರಿಗೆ ಸತ್ಯ ಗೊತ್ತಾಗಬೇಕು, ಸರಿ. ನಮ್ಮ ಕೈಗೆ ಬರುವ ಚೀಲದ ಮೇಲೆ ‘ಪಾಶ್ಚರೈಸ್ಡ್’ ಅಂತ ಬರೆಯುವುದು ಮಾತ್ರ ಕಡ್ಡಾಯ ಅಲ್ಲ.

ಸಣ್ಣ ಬೆಳೆಗಾರರ ಪಾಡು ಬೇರೆ. ದೊಡ್ಡವರು ಯಂತ್ರ ತಂದು ಕೂರಿಸಿಕೊಂಡರು. ಚಿಕ್ಕವರು ಲಾರಿಯಲ್ಲಿ ಹೇರಿಕೊಂಡು ಇನ್ನೊಬ್ಬರ ಯಂತ್ರದ ಮುಂದೆ ಸರದಿ ನಿಲ್ಲಬೇಕು. ನನಗೆ ಗೊತ್ತಿದ್ದ ಒಬ್ಬರು ಅಂಗಡಿಗಳಿಗೆ ಕೊಡುವುದನ್ನೇ ಬಿಟ್ಟು ಮಾರ್ಕೆಟ್‌ಗೆ ಮಾತ್ರ ಬರತೊಡಗಿದರು. ಯಂತ್ರ ಇದ್ದರೆ ಎಲ್ಲ ಕ್ಷೇಮ ಅನ್ನುವ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 2008-09ರಲ್ಲಿ ಈ ದೇಶದಲ್ಲಿ ಕಡಲೆಕಾಯಿ ಬೆಣ್ಣೆಯಿಂದ 714 ಜನಕ್ಕೆ ಸಾಲ್ಮೊನೆಲ್ಲಾ ಬಂದು 9 ಜನ ಸತ್ತರು. ಹುರಿದ ಕಡಲೆಕಾಯಿ ಅದು! ಹುರಿದ ಮೇಲೆ ಫ್ಯಾಕ್ಟರಿ ಕೊಳಕಾಗಿದ್ದರೆ ಹುರಿದು ಏನು ಬಂತು?

ದೂರು ಎಲ್ಲಿಗೆ ಅಂತ ಕೇಳಿದಿರಿ. ಇಲ್ಲೇ ಬಹಳ ಜನ ತಪ್ಪುವುದು. ಸಂಸ್ಕರಿಸಬೇಕು ಅನ್ನುವ ನಿಯಮ ಯುಎಸ್‌ಡಿಎಯದು. ಚೀಲದ ಮೇಲಿನ ಅಕ್ಷರ ಎಫ್‌ಡಿಎಯದು, ಅಂದರೆ ಆಹಾರ ಮತ್ತು ಔಷಧ ಇಲಾಖೆಯದು. ಲೇಬಲ್ ಸುಳ್ಳಾಗಿರಬಾರದು, ದಾರಿ ತಪ್ಪಿಸಬಾರದು ಅಂತ ಅವರ 1938ರ ಕಾಯ್ದೆಯಲ್ಲೇ ಇದೆ. ಎಫ್‌ಡಿಎಗೆ ‘ಸಿಟಿಜನ್ ಪಿಟಿಷನ್’ ಅಂತ ಯಾರು ಬೇಕಾದರೂ ಹಾಕಬಹುದು, ವಕೀಲರು ಬೇಕಾಗಿಲ್ಲ. ಯುಎಸ್‌ಡಿಎಗೂ ನಿಯಮ ಬದಲಿಸಿ ಅಂತ ಅರ್ಜಿ ಕೊಡುವ ಹಕ್ಕು ಎಲ್ಲರಿಗೂ ಇದೆ. ಎರಡನ್ನೂ ಒಂದೇ ಪತ್ರದಲ್ಲಿ ತುರುಕಬೇಡಿ. ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ನನ್ನ ಹತ್ತಿರ ಎರಡೂ ಕಡೆಯ ಉತ್ತರಗಳ ಒಂದು ಫೈಲೇ ಇದೆ.


ಮೊಳಕೆ ಹುಚ್ಚಿ:

ಎಲ್ಲರಿಗೂ ದೊಡ್ಡ ನಮಸ್ಕಾರ. ಅರ್ಜಿದಾರರೇ, ನಿಮ್ಮ ಬರಹ ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ‘ನೀನೂ ಮೇಜು ಹಾಕಿಕೊಂಡು ಕೂರಬೇಡ’ ಅಂದರು.

ಹೊರದೇಶದ ಮಾತು ಬಂತಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. ಊರಲ್ಲಿ ಅಮ್ಮನ ಡಬ್ಬಿಯಲ್ಲಿರುವುದೂ ಕ್ಯಾಲಿಫೋರ್ನಿಯಾ ಬಾದಾಮಿಯೇ. ಸಮುದ್ರ ದಾಟಿದ್ದು ಹಸಿಯಾಗಿಯೇ ಹೋಗಿರಬಹುದು, ತೋಟದ ಪಕ್ಕದಲ್ಲಿರುವ ನನಗೆ ಮಾತ್ರ ಹಬೆ ಕೊಟ್ಟದ್ದು! ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, ‘ನಾವು ಹೇಗೂ ನೆನೆಸಿ, ಸಿಪ್ಪೆ ಸುಲಿದು, ಹಾಲಿಗೆ ಹಾಕಿ ಕುದಿಸುತ್ತೇವಲ್ಲ’ ಅಂದರು. ಸ್ವಾಮಿಯವರೂ ಅಮ್ಮನೂ ಒಂದೇ ಪಕ್ಷ.

ಶನಿವಾರ ಮಾರ್ಕೆಟ್‌ಗೆ ಹೋಗಿದ್ದೆ. ಬಾದಾಮಿ ಮಾರುವ ಅಜ್ಜ ಒಬ್ಬರಿದ್ದಾರೆ. ಕೈ ನೋಡಿದರೆ ಮರದ ತೊಗಟೆ ಹಾಗೆ. ‘ಇದು ಪಾಶ್ಚರೈಸ್ ಆಗಿದೆಯಾ’ ಅಂದೆ. ಅವರು ಚೀಲ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ‘ಇಲ್ಲ. ನಿನಗೆ ಬೇಕಾದದ್ದು ಆಗಿರುವುದಾ, ಆಗದಿರುವುದಾ?’ ಇಷ್ಟು ನೇರವಾದ ಮಾತು ಆ ಫೋನಿನಲ್ಲಿ ಇಪ್ಪತ್ತೈದು ನಿಮಿಷ ಕಾದರೂ ಸಿಕ್ಕಿರಲಿಲ್ಲ. 2 ಪೌಂಡ್ ತಂದೆ. ಅಂಗಡಿಯದಕ್ಕಿಂತ ಚಿಕ್ಕದು, ಸಿಪ್ಪೆ ಮಾಸಲು, ಒಂದೆರಡರ ಮೇಲೆ ಗೀರು. ಬಾಯಿಗೆ ಹಾಕಿದರೆ ರುಚಿ ಬೇರೆಯೇ ಅಂತ ಹೇಳಬೇಕೆನ್ನುವ ಆಸೆ ನನಗೂ ಇದೆ. ನಿಜ ಹೇಳಬೇಕೆಂದರೆ ಕಣ್ಣು ಮುಚ್ಚಿ ತಿಂದರೆ ಗೊತ್ತಾಗಲಿಲ್ಲ. ಮಗಳು ಎರಡು ಬಟ್ಟಲು ಅದಲು ಬದಲು ಮಾಡಿಟ್ಟಿದ್ದಳು, ನಾನು ಆರರಲ್ಲಿ ಮೂರು ಸರಿ ಹೇಳಿದೆ.

ಪೆಟ್ರಿ ತಟ್ಟೆಯವರೇ, ನಿಮ್ಮ ಮಾತು ಕೇಳಿದ ಮೇಲೆ ಇದನ್ನು ಮಕ್ಕಳಿಗೆ ಹಾಗೇ ಕೊಡಲು ಕೈ ಬರುತ್ತಿಲ್ಲ. ಮನೆಯಲ್ಲಿ ಏನು ಮಾಡಬಹುದು?


ಪೆಟ್ರಿ ತಟ್ಟೆ:

ಸಿಪ್ಪೆ ಸುಲಿಯಲು ಬಿಸಿ ನೀರಿಗೆ ಹಾಕುತ್ತೀರಲ್ಲ, ಅದೇ ಸಾಕು. 88 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 2 ನಿಮಿಷ ಪೂರ್ತಿ ಮುಳುಗಿದ್ದರೆ 5 ಲಾಗ್‌ನಷ್ಟು ಇಳಿಯುತ್ತದೆ, ಅಂದರೆ ಲಕ್ಷಕ್ಕೆ ಒಂದು. ಆದರೆ ಗ್ಯಾಸ್ ಆರಿಸಿ ಸುರಿಯಬೇಡಿ, ತಣ್ಣನೆಯ ಬಾದಾಮಿ ಬಿದ್ದ ತಕ್ಷಣ ನೀರು ಆರುತ್ತದೆ. ಉರಿ ಇರಲಿ, ನೀರು ಜಾಸ್ತಿ ಇರಲಿ, ಬಾದಾಮಿ ಒಂದು ಹಿಡಿ ಇರಲಿ. ಓವನ್‌ನಲ್ಲೋ ಆಹಾರ ಒಣಗಿಸುವ ಡ್ರೈಯರ್‌ನಲ್ಲೋ ಸಣ್ಣ ಬಿಸಿಗೆ ಇಟ್ಟರೆ ಆಗುವುದಿಲ್ಲ, ಒಣಗಿದ ರೋಗಾಣು ಬಿಸಿಗೆ ಜಗ್ಗುವುದಿಲ್ಲ. ಮತ್ತೆ ನೆನೆಸುವುದಾದರೆ ಫ್ರಿಜ್‌ನಲ್ಲಿ ನೆನೆಸಿ.


ಬೆಣ್ಣೆ ಡಬ್ಬಿ:

ಅಂದರೆ ಹಸಿಯದು ಹುಡುಕಿಕೊಂಡು ಹೋಗಿ, ಜಾಸ್ತಿ ದುಡ್ಡು ಕೊಟ್ಟು, ಮನೆಗೆ ತಂದು ನಾವೇ ಪಾಶ್ಚರೈಸ್ ಮಾಡುವುದು. ಚೆನ್ನಾಗಿದೆ.


ಮೊಳಕೆ ಹುಚ್ಚಿ:

ನಗಿ ನಗಿ. ಆದರೆ ನನ್ನ ಅಡುಗೆಮನೆಯಲ್ಲಿ ಏನಾಯಿತು ಅಂತ ನನಗೆ ಗೊತ್ತಿರುತ್ತದಲ್ಲ.

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಪೆಟ್ರಿ ತಟ್ಟೆಯವರು ಪ್ರಯೋಗ ತಪ್ಪು ಅಂದರಲ್ಲ, ಅಜ್ಜನ ಬಾದಾಮಿ ತಂದ ದಿನವೇ ಹಠಕ್ಕೆ ಎರಡು ಡಬ್ಬಿ ಮಾಡಿದ್ದೆ. ಒಂದರಲ್ಲಿ ಅಂಗಡಿಯ ಇಪ್ಪತ್ತು, ಇನ್ನೊಂದರಲ್ಲಿ ಅಜ್ಜನ ಇಪ್ಪತ್ತು. ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ತಳಕ್ಕೆ, ಯಾರೂ ತಿನ್ನದ ಹಾಗೆ ಚೀಟಿ ಅಂಟಿಸಿ. ನಿನ್ನೆ ಬಿಚ್ಚಿದೆ. ಅಜ್ಜನದರಲ್ಲಿ ಏಳಕ್ಕೆ ಚೂಪು ತುದಿ ಬಿರಿದು ಬೆಳ್ಳನೆಯ ಬೇರು ಇಣುಕಿತ್ತು. ಒಂದರದ್ದು ಉಗುರಿನಷ್ಟು ಉದ್ದ ಇತ್ತು, ತುದಿಯಲ್ಲಿ ಕೊಂಚ ಹಳದಿ. ನಾಲ್ಕು ಬೂಷ್ಟು ಹಿಡಿದಿದ್ದವು. ಉಳಿದವು ಸುಮ್ನೆ ಉಬ್ಬಿ ಕೂತಿದ್ದವು. ಅಂಗಡಿಯದರಲ್ಲಿ ಒಂದೂ ಇಲ್ಲ. ಇಪ್ಪತ್ತು ಸಾಲದು, ಇದು ಸಾಕ್ಷಿ ಅಲ್ಲ, ಎರಡೂ ಒಂದೇ ವರ್ಷದ ಬೆಳೆಯೋ ಅಲ್ಲವೋ ಅನ್ನುತ್ತೀರಿ. ಗೊತ್ತು. ಪತ್ರದಲ್ಲಿ ಇದನ್ನು ಬರೆದಿಲ್ಲ.

ಪತ್ರ ಎಫ್‌ಡಿಎಗೆ ಮಾತ್ರ ಹಾಕಿದೆ. ಅರ್ಜಿದಾರರು ಹೇಳಿದ ಹಾಗೆ ಸಂಸ್ಕರಣೆ ಬೇಕಾ ಬೇಡವಾ ಅನ್ನುವುದಕ್ಕೆ ಹೋಗಲಿಲ್ಲ. ಕೇಳಿದ್ದು ಮೂರೇ ವಿಷಯ. ಸಂಸ್ಕರಿಸಿದ ಬಾದಾಮಿಯ ಮೇಲೆ ‘ರಾ’ ಅನ್ನಬೇಡಿ, ‘ಹುರಿಯದ್ದು’ ಅನ್ನಿ, ಇಂಗ್ಲಿಷಿನಲ್ಲೂ ಅದಕ್ಕೆ ಪದ ಇದೆ. ಪಾಶ್ಚರೈಸ್ ಆಗಿದೆ ಅಂತ ಬರೆಯಿರಿ. ಹಬೆಯೋ ಪಿಪಿಒನೋ ಅಂತ ಒಂದು ಪದ ಸೇರಿಸಿ. ಇಡ್ಲಿಯ ಉದಾಹರಣೆ ಮೊದಲು ಬರೆದಿದ್ದೆ, ಮಗಳು ಹೊಡೆದುಹಾಕಿದಳು. ನನಗೆ ಈಗಲೂ ಬೇಜಾರಿದೆ.

ಆ ಉದ್ದ ಬೇರಿನದನ್ನು ಕುಂಡಕ್ಕೆ ಹಾಕಿದ್ದೇನೆ. ಅಜ್ಜನಿಗೆ ಶನಿವಾರ ಹೇಳಿದೆ. ‘ಬೀಜದಿಂದ ಬಂದ ಮರದ ಕಾಯಿ ಕಹಿಯಾಗಬಹುದು, ನಾವು ಕಸಿ ಮಾಡಿದ್ದನ್ನೇ ನೆಡುವುದು’ ಅಂದರು. ಇನ್ನೊಂದು ಪೌಂಡ್ ಕಟ್ಟಿಸಿಕೊಂಡು ಬಂದೆ.